ನೀರಿನೊಳಗೆ ಥಂಬ್ಸ್ ಅಪ್ ತೋರಿಸಬೇಡಿ!

"ಒಬ್ಳೇ ಹೋಗ್ತೀಯಾ? ಅದೂ ಸಮುದ್ರದ ಒಳಗಾ?"

ವಿಜಯನಗರದ ನಮ್ಮ ಮನೆಯಲ್ಲಿ ಒಗ್ಗರಣೆ ಸೌಟು ಕೈಯಲ್ಲಿ ಹಿಡಿದುಕೊಂಡೇ ಅಮ್ಮ ಕೇಳಿದ ಪ್ರಶ್ನೆ ಇದು. ಜೊತೆಗೆ ಬರ್ತೀವಿ ಅಂದಿದ್ದ ಆಫೀಸಿನ ಇಬ್ಬರು ಗೆಳತಿಯರು ಕೊನೇ ವಾರದಲ್ಲಿ ಕೈಕೊಟ್ಟಿದ್ದರು. ಒಬ್ಬಳಿಗೆ ಪ್ರಾಜೆಕ್ಟ್ ರಿಲೀಸ್, ಇನ್ನೊಬ್ಬಳಿಗೆ ನಾದಿನಿಯ ಸೀಮಂತ. ನಾನು ಮಾತ್ರ ಬಸ್ ಟಿಕೆಟ್ ಕ್ಯಾನ್ಸಲ್ ಮಾಡಲಿಲ್ಲ.

ಅಮ್ಮನ ಭಯಕ್ಕೆ ಕಾರಣ ಇತ್ತು. ನಮ್ಮ ಮನೇಲಿ ಯಾರಿಗೂ ಈಜು ಬರಲ್ಲ. ನಾನೂ ಕಲಿತದ್ದು 27ನೇ ವಯಸ್ಸಿನಲ್ಲಿ, ಬಸವೇಶ್ವರನಗರದ ಈಜುಕೊಳವೊಂದರಲ್ಲಿ, ಆರು ವರ್ಷದ ಮಕ್ಕಳ ಪಕ್ಕ ಕಂಬಿ ಹಿಡಿದು ಕಾಲು ಬಡಿಯುತ್ತಾ!

ಸ್ಕೂಬಾ ಅಂದ್ರೆ ಅಂಡಮಾನ್, ಮಾಲ್ಡೀವ್ಸ್ ಅಂತಲೇ ನಾನೂ ಅಂದುಕೊಂಡಿದ್ದೆ. ನಮ್ಮದೇ ರಾಜ್ಯದಲ್ಲಿ ನೇತ್ರಾಣಿ ಅನ್ನೋ ದ್ವೀಪ ಇದೆ ಅಂತ ತಲೆಗೆ ಹೋಗಿದ್ದು 'ಗಂಧದ ಗುಡಿ' ನೋಡಿದಾಗ. ಅಪ್ಪು ನಮ್ಮನ್ನು ಬಿಟ್ಟು ಹೋದ ಒಂದು ವರ್ಷಕ್ಕೆ, 2022ರ ಅಕ್ಟೋಬರ್‌ನಲ್ಲಿ ಬಂದ ಆ ಚಿತ್ರದಲ್ಲಿ ಅವರು ನೇತ್ರಾಣಿಯ ನೀರಿಗಿಳಿಯುತ್ತಾರೆ. ಅವತ್ತೇ ಮನಸ್ಸಲ್ಲಿ ಟಿಕ್ ಹಾಕಿಕೊಂಡಿದ್ದೆ.

ನವರಂಗ್‌ನಿಂದ ಮುರ್ಡೇಶ್ವರಕ್ಕೆ

ಗುರುವಾರ ರಾತ್ರಿ ರಾಜಾಜಿನಗರದ ನವರಂಗ್ ಹತ್ತಿರ ಬಸ್ ಹತ್ತಿದೆ. ಬೆಳಗ್ಗೆ ಕಣ್ಣು ಬಿಟ್ಟಾಗ ಘಟ್ಟ ಇಳಿದು, ಕಿಟಕಿಯಾಚೆ ತೆಂಗಿನ ತೋಟ. ಮುರ್ಡೇಶ್ವರದಲ್ಲಿ 123 ಅಡಿ ಎತ್ತರದ ಶಿವನಿಗೆ ಕೈಮುಗಿದು, ರೂಮಿಗೆ ಹೋಗಿ ಮಲಗಿಬಿಟ್ಟೆ. ನಿದ್ದೆಗೆಟ್ಟು ನೀರಿಗಿಳಿಯಬೇಡಿ ಅಂತ ಮೊದಲೇ ಹೇಳಿದ್ದರು.

ಸಂಜೆ ತರಬೇತುದಾರರು ಒಂದು ಫಾರ್ಮ್ ಕೊಟ್ಟರು. ಅಸ್ತಮಾ ಇದೆಯಾ? ಹೃದಯದ ತೊಂದರೆ? ಫಿಟ್ಸ್? ಕಿವಿಯ ಆಪರೇಷನ್ ಆಗಿದೆಯಾ? ಈಗ ಶೀತ ಇದೆಯಾ? ನಾನು ಓದದೆ ಎಲ್ಲದಕ್ಕೂ 'ಇಲ್ಲ' ಅಂತ ಟಿಕ್ ಮಾಡೋದನ್ನು ನೋಡಿ ಪೆನ್ನಿಗೇ ಕೈ ಅಡ್ಡ ಇಟ್ಟರು. "ಇದು ಬ್ಯಾಂಕಿನ ಫಾರ್ಮ್ ಅಲ್ಲ ಮಾರಾಯ್ರೆ. ಓದಿ ಸೈನ್ ಹಾಕಿ. ಸುಳ್ಳು ಬರೆದರೆ ನೀರಿಗೆ ಗೊತ್ತಾಗ್ತದೆ."

ಆಮೇಲೆ ಪಾಠ. ಹತ್ತು ಮೀಟರ್ ಆಳಕ್ಕೆ ಹೋದರೆ ನಮ್ಮ ಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಕಿವಿ ತಮಟೆಯ ಹಿಂದಿರುವ ಗಾಳಿ ಕುಗ್ಗುತ್ತದೆ. ಆದ್ದರಿಂದ ಇಳಿಯುವಾಗ ಆಗಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು, ಅದೂ ನೋವು ಶುರುವಾಗೋ ಮೊದಲೇ. ಇನ್ನೊಂದು ನಿಯಮ, ಯಾವತ್ತೂ ಉಸಿರು ಬಿಗಿ ಹಿಡಿಯಬಾರದು. ಮೇಲೆ ಬರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಶ್ವಾಸಕೋಶಕ್ಕೇ ಪೆಟ್ಟು.

ನೀರಿನೊಳಗೆ ಮಾತಿಲ್ಲ, ಬರೀ ಕೈಸನ್ನೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ 'ಚೆನ್ನಾಗಿದ್ದೀನಿ'. ಅಂಗೈ ಅಗಲಿಸಿ ಆಚೀಚೆ ಅಲ್ಲಾಡಿಸಿದರೆ 'ಏನೋ ತೊಂದರೆ'. ಹೆಬ್ಬೆರಳು ಮೇಲೆ ಮಾಡಿದರೆ? 'ಸೂಪರ್' ಅಂತ ಅಲ್ಲ, 'ಸಾಕು, ಮೇಲೆ ಹೋಗೋಣ' ಅಂತ! ವಾಟ್ಸಾಪ್‌ನಲ್ಲಿ ದಿನಕ್ಕೆ ಐವತ್ತು ಸಲ ಥಂಬ್ಸ್ ಅಪ್ ಒತ್ತುವ ನನಗೆ ಇದೇ ದೊಡ್ಡ ಸವಾಲು ಅನಿಸಿತು.

ಮೂರು ಮೀಟರ್‌ನಲ್ಲಿ ಸಿಕ್ಕಿಬಿದ್ದೆ

ಶನಿವಾರ ಬೆಳಗ್ಗೆ ಬೋಟ್ ಹೊರಟಿತು. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ಅರ್ಧ ದಾರಿಯಲ್ಲೇ ತಿಂದ ಇಡ್ಲಿ ಸಮುದ್ರದ ಪಾಲಾಯಿತು. ದ್ವೀಪ ಹತ್ತಿರ ಬಂದಾಗ ಕಡಿದಾದ ಬಂಡೆ, ಅದರ ಮೇಲೆ ಹಸಿರು, ಆಕಾಶದಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ ಇದು. ನಾವು ದ್ವೀಪದ ಮೇಲೆ ಕಾಲಿಡಲಿಲ್ಲ, ಬೋಟಿನಿಂದಲೇ ನೀರಿಗೆ.

ಹಗ್ಗ ಹಿಡಿದು ಇಳಿಯತೊಡಗಿದೆ. ಮೂರು ಮೀಟರ್ ಹತ್ತಿರ ಬಲಗಿವಿಯಲ್ಲಿ ಕಡ್ಡಿ ಚುಚ್ಚಿದ ಹಾಗೆ ನೋವು. ಮೂಗು ಹಿಡಿದು ಊದಿದೆ. ಬಿಡಲಿಲ್ಲ. ತರಬೇತುದಾರರು ಎದುರು ಬಂದು ಬೆರಳಲ್ಲಿ ಸೊನ್ನೆ ತೋರಿಸಿ ಕೇಳಿದರು: ಚೆನ್ನಾಗಿದ್ದೀರಾ?

ಆ ಒಂದು ಕ್ಷಣದಲ್ಲಿ ತಲೆಯಲ್ಲಿ ಏನೇನೋ. ಕೊಟ್ಟ ದುಡ್ಡು, ಮೇಲೆ ತಮ್ಮ ಸರದಿಗೆ ಕಾಯ್ತಿರೋ ಜನ, 'ಹೇಳಿದ್ನಲ್ಲ' ಅನ್ನೋ ಅಮ್ಮನ ಮುಖ. ನಿಜ ಹೇಳ್ತೀನಿ, ನನ್ನ ಬೆರಳು ಆಗಲೇ ಸೊನ್ನೆ ಮಾಡೋಕೆ ಹೊರಟಿತ್ತು. ಆಫೀಸಿನಲ್ಲಿ ನಾನು ಮಾಡೋದೂ ಅದನ್ನೇ. ಜ್ವರ ಇದ್ರೂ 'ಓಕೆ', ಮೂರು ಜನರ ಕೆಲಸ ಒಬ್ಬಳ ತಲೆಗೆ ಕಟ್ಟಿದ್ರೂ 'ಓಕೆ'. ಆದರೆ ಇಲ್ಲಿ ಸುಳ್ಳು ಓಕೆ ಅಂದ್ರೆ ಕಿವಿ ತಮಟೆ ಹರಿಯುತ್ತೆ.

ಅಂಗೈ ಅಲ್ಲಾಡಿಸಿದೆ. ಕಿವಿ ತೋರಿಸಿದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನನ್ನನ್ನು ಒಂದು ಮೀಟರ್ ಮೇಲಕ್ಕೆ ಕರೆದುಕೊಂಡು ಹೋಗಿ ಸುಮ್ಮನೆ ಕಾದರು. ಮತ್ತೆ ಇಳಿದೆವು, ಮತ್ತೆ ಕಟ್ಟಿಕೊಂಡಿತು, ಮತ್ತೆ ಮೇಲೆ. ಮೂರನೇ ಸಲ ಕತ್ತು ಓರೆ ಮಾಡಿ ಮೆಲ್ಲಗೆ ಊದಿದಾಗ 'ಪುಸ್' ಅಂತ ಕಿವಿ ಬಿಟ್ಟಿತು. ಅಲ್ಲಿಂದ ಒಂಬತ್ತು ಮೀಟರ್‌ವರೆಗೂ ತಕರಾರಿಲ್ಲ.

ಕೆಳಗೆ ಹವಳ ಹತ್ತಿದ ಬಂಡೆಗಳು, ಅವನ್ನು ಕಚ್ಚಿ ಕಚ್ಚಿ ತಿನ್ನುವ ಪ್ಯಾರಟ್ ಫಿಶ್, ಹಳದಿ ಪಟ್ಟಿಯ ಬಟರ್‌ಫ್ಲೈ ಫಿಶ್ ಜೋಡಿ. ಅಮ್ಮ ಕಟ್ಟಿದ್ದ ಕೆಂಪು ದಾರ ಮಣಿಕಟ್ಟಿನಲ್ಲಿ ಬೂದು ಬಣ್ಣಕ್ಕೆ ತಿರುಗಿತ್ತು. ನೀರು ಎಲ್ಲಕ್ಕಿಂತ ಮೊದಲು ನುಂಗುವುದು ಕೆಂಪು ಬಣ್ಣವನ್ನೇ. ಖುಷಿ ತಡೆಯಲಾಗದೆ ಥಂಬ್ಸ್ ಅಪ್ ತೋರಿಸಿಯೇಬಿಟ್ಟೆ! ಅವರು ತಕ್ಷಣ ನನ್ನ ತೋಳು ಹಿಡಿದು ಮೇಲಕ್ಕೆ ಹೊರಟರು. ಗಾಬರಿಯಲ್ಲಿ ಎರಡೂ ಕೈಯಲ್ಲಿ ಸೊನ್ನೆ ತೋರಿಸಿದೆ. ಅವರು ನಕ್ಕಿದ್ದು ಗುಳ್ಳೆಗಳಲ್ಲಿ ಗೊತ್ತಾಯಿತು.

ಕಾರಣ ಕೇಳೋದಿಲ್ಲ

ನಮ್ಮ ಬೋಟಿನಲ್ಲಿ ಕೆಂಗೇರಿ ಕಡೆಯ ಕಾಲೇಜು ಹುಡುಗರ ಗುಂಪೊಂದಿತ್ತು. ಅವರಲ್ಲೊಬ್ಬ ಎರಡು ಮೀಟರ್‌ಗೇ ಹೆಬ್ಬೆರಳು ಎತ್ತಿ ವಾಪಸ್ ಬಂದಿದ್ದ. "ದುಡ್ಡು ವೇಸ್ಟ್ ಆಯ್ತಲ್ಲೋ" ಅಂತ ಗೆಳೆಯರು ರೇಗಿಸುತ್ತಿದ್ದರು. ತರಬೇತುದಾರರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ನೀರಲ್ಲಿ ಒಬ್ಬರು ಹೆಬ್ಬೆರಳು ಎತ್ತಿದ್ರೆ ಡೈವ್ ಮುಗೀತು. ಯಾರೂ ಕಾರಣ ಕೇಳೋದಿಲ್ಲ. ಎತ್ತಲಿಕ್ಕೆ ನಾಚಿಕೆಪಡುವವರನ್ನು ಕಂಡ್ರೆ ನನಗೆ ಹೆದರಿಕೆ."

ನನ್ನ ಬಸ್ ಅವತ್ತು ರಾತ್ರಿಗೇ ಇತ್ತು. ಅದನ್ನು ಕೇಳಿ ಅವರು ತಲೆ ಅಲ್ಲಾಡಿಸಿದರು. ಡೈವ್ ಮಾಡುವಾಗ ದೇಹದೊಳಗೆ ಹೆಚ್ಚು ಸಾರಜನಕ ಕರಗಿರುತ್ತದೆ, ಅದು ನಿಧಾನವಾಗಿ ಹೊರಹೋಗಬೇಕು. ಬೇಗ ಎತ್ತರಕ್ಕೆ ಹೋದರೆ ಗುಳ್ಳೆಗಳಾಗುವ ಅಪಾಯ. ಅದಕ್ಕೇ ಒಂದು ಡೈವ್ ಆದ ಮೇಲೆ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಾಯಬೇಕು. ನಾನು ವಿಮಾನ ಹತ್ತಲ್ವಲ್ಲ? ಆದರೆ ಘಟ್ಟ ಹತ್ತಬೇಕಲ್ಲ! ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಟಿಕೆಟ್ ಭಾನುವಾರ ರಾತ್ರಿಗೆ ಬದಲಾಯಿಸಿದೆ. ಅಮ್ಮನಿಗೆ ಫೋನ್ ಮಾಡಿ, "ಗಾಳಿ ಹೊರಗೆ ಹೋಗ್ಬೇಕಂತೆ ಕಣಮ್ಮ" ಅಂದೆ. "ಏನು ಗಾಳಿನೋ, ಮೊದಲು ಊಟ ಮಾಡು" ಅಂದರು.

ಸೋಮವಾರ ಮಧ್ಯಾಹ್ನ ಮ್ಯಾನೇಜರ್ ಮೆಸೇಜು: 'ಇದೊಂದನ್ನೂ ನೀನೇ ನೋಡ್ಕೋತೀಯಾ?' ಬೆರಳು ಅಭ್ಯಾಸಬಲದಿಂದ ಥಂಬ್ಸ್ ಅಪ್ ಕಡೆಗೆ ಹೋಯಿತು. ಒಂದು ನಿಮಿಷ ನಿಂತೆ. 'ಈ ವಾರ ಆಗಲ್ಲ ಸರ್, ಕೈಯಲ್ಲಿ ಎರಡು ಕೆಲಸ ಇದೆ' ಅಂತ ಟೈಪ್ ಮಾಡಿದೆ. ಹತ್ತು ನಿಮಿಷ ಎದೆ ಢವಢವ. ಆಮೇಲೆ ಉತ್ತರ ಬಂತು: 'ಸರಿ, ಬೇರೆಯವರಿಗೆ ಕೊಡ್ತೀನಿ.'

ಅಷ್ಟೇನಾ? ಇಷ್ಟು ವರ್ಷ ಕಿವಿ ನೋಯಿಸಿಕೊಂಡೇ ಇಳಿದಿದ್ದೆನಲ್ಲ!

ನೀವೂ ಹೋಗೋದಾದ್ರೆ

• ಮಳೆಗಾಲದಲ್ಲಿ ಡೈವಿಂಗ್ ಇರಲ್ಲ. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ತನಕ ಸೀಸನ್.

• ಮೊದಲ ಅನುಭವದ ಡೈವ್‌ಗೆ ಈಜು ಕಡ್ಡಾಯವಲ್ಲ, 12 ಮೀಟರ್‌ಗಿಂತ ಆಳಕ್ಕೆ ಕರೆದೊಯ್ಯುವುದಿಲ್ಲ. ಆದರೂ ನಾಲ್ಕು ದಿನ ಈಜುಕೊಳದಲ್ಲಿ ಮುಖ ಮುಳುಗಿಸಿ ಅಭ್ಯಾಸ ಮಾಡಿ, ಭಯ ಅರ್ಧ ಇಳಿಯುತ್ತೆ.

• ಶೀತ, ಮೂಗು ಕಟ್ಟಿದ್ದರೆ ಹೋಗಲೇಬೇಡಿ. ಫಾರ್ಮ್‌ನಲ್ಲಿ ನಿಜ ಬರೆಯಿರಿ.

• ಹವಳ ಮುಟ್ಟಬೇಡಿ, ತುಳಿಯಬೇಡಿ. ಅದು ಕಲ್ಲಲ್ಲ, ಜೀವ.

• ವಾಪಸ್ ಟಿಕೆಟ್ ಮಾರನೇ ದಿನಕ್ಕೆ ಬುಕ್ ಮಾಡಿ. ಒಂದು ಸಂಜೆ ಮುರ್ಡೇಶ್ವರದ ದಡದಲ್ಲಿ ಸುಮ್ಮನೆ ಕೂತರೆ ನಷ್ಟವೇನಿಲ್ಲ.