ಊರಿನ ಮಾತೇ ಬಂಡವಾಳ

ಶಿವಮೊಗ್ಗ ಬಿಟ್ಟು ಹೊನ್ನಾಳಿ ರಸ್ತೆ ಹಿಡಿದರೆ ಗದ್ದೆ, ಅಡಿಕೆ ತೋಟಗಳ ನಡುವೆ ಹೊಳಲೂರು ಸಿಗುತ್ತದೆ. ತೀರ್ಥಹಳ್ಳಿ ಕಡೆಯ ಮಲೆನಾಡಿನ ಮಾತು ಇಲ್ಲಿ ಪೂರ್ತಿ ಇಲ್ಲ, ದಾವಣಗೆರೆ ಸೀಮೆಯ ಬೀಸೂ ಒಂದಿಷ್ಟು ಸೇರಿಕೊಂಡಿದೆ. ಇಂಥ ಊರಿನ ಹುಡುಗ ಹುಡುಗಿಯರು ಫೋನು ಹಿಡಿದು ವಿಡಿಯೊ ಮಾಡಲು ಕೂತಾಗ ಮೊದಲು ಬಿಟ್ಟುಕೊಡುವುದು ಆ ಮಾತನ್ನೇ. ಸಿನಿಮಾ ಡೈಲಾಗಿಗೆ ತುಟಿ ಆಡಿಸುತ್ತಾರೆ, ಇಲ್ಲವೆ ಬೆಂಗಳೂರಿನ ಟಿವಿ ನಿರೂಪಕರ ಧಾಟಿಯಲ್ಲಿ ‘ಹಾಯ್ ಫ್ರೆಂಡ್ಸ್’ ಎನ್ನುತ್ತಾರೆ. ನೋಡುವವರಿಗೆ ಅದು ಸಾವಿರ ಸಲ ಕಂಡದ್ದು. ಬೆರಳು ಮೇಲಕ್ಕೆ ಸರಿಸಿ ಮುಂದಕ್ಕೆ ಹೋಗುತ್ತಾರೆ.

ಕನ್ನಡದಲ್ಲಿ ಯೂಟ್ಯೂಬ್ ನಂಬಿ ನಿಂತವರನ್ನು ನೋಡಿ. ‘ಡಾಕ್ಟರ್ ಬ್ರೋ’ ಗಗನ್ ಶ್ರೀನಿವಾಸ್ ಯಾವ ದೇಶದ ಬೀದಿಯಲ್ಲಿ ನಿಂತರೂ ‘ನಮಸ್ಕಾರ ದೇವ್ರು’ ಎಂದೇ ಶುರು ಮಾಡುತ್ತಾರೆ. ಅಲ್ಲಿನ ಗಾಡಿಯವರ ಜೊತೆ ಊರಿನ ಸಂತೆಯಲ್ಲಿ ಮಾತಾಡಿದ ಹಾಗೇ ಮಾತಾಡುತ್ತಾರೆ. ಉತ್ತರ ಕರ್ನಾಟಕದ ಶಿವಪುತ್ರ ಯಶಾರಧಾ, ಮಲ್ಲು ಜಮಖಂಡಿ ತಮ್ಮ ಸೀಮೆಯ ಭಾಷೆಯನ್ನು ಒಂದಿಷ್ಟೂ ತೊಳೆಯದೆ ನಗಿಸಿದರು; ಅದು ಮೈಸೂರಿನವರಿಗೂ ಹಿಡಿಸಿತು. 2023ರಲ್ಲಿ ‘ವಿಕ್ಕಿಪೀಡಿಯ’ದ ವಿಕಾಸ್ ಮಾಡಿದ ‘ನಾನು ನಂದಿನಿ’ ಕನ್ನಡ ಬಾರದವರ ಬಾಯಲ್ಲೂ ಓಡಾಡಿತು. ಅದರ ಧಾಟಿ ‘ಬಾರ್ಬಿ ಗರ್ಲ್’ನದು, ಒಳಗಿನ ಬದುಕು ಮಾತ್ರ ಪಕ್ಕಾ ಬೆಂಗಳೂರಿನ ಪಿ.ಜಿ.ಯದು. ಇವರೆಲ್ಲ ತಾವು ದಿನಾ ಕಂಡದ್ದನ್ನು, ತಮ್ಮ ನಾಲಿಗೆಯಲ್ಲೇ ಹೇಳಿದವರು.

ಹೊಳಲೂರಿನವರಿಗೆ ಏನಿದೆ ಎಂದು ಕೇಳಬಹುದು. ಅಡಿಕೆ ಸುಗ್ಗಿಯ ಒಂದು ಅಂಗಳವನ್ನೇ ತೆಗೆದುಕೊಳ್ಳಿ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು, ಕೈ ಓಡಿದಷ್ಟೇ ವೇಗವಾಗಿ ಓಡುವ ಮಾತು, ಈಚೆಗೆ ಬಂದ ಸುಲಿಯುವ ಯಂತ್ರದ ಗಲಾಟೆ, ಹಂಡೆಯಲ್ಲಿ ಕೊತಕೊತ ಕುದಿಯುವ ಚೊಗರು. ಆಮೇಲೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ ಕೂಗುವಾಗ ಮನೆ ಯಜಮಾನನ ಮುಖ. ಇದರಲ್ಲಿ ನಗುವಿದೆ, ಜಗಳವಿದೆ, ದುಡ್ಡಿನ ಲೆಕ್ಕವಿದೆ. ‘ಇವತ್ತು ಅಡಿಕೆ ಸುಲಿಯೋದು ನೋಡೋಣ’ ಎಂದು ಶುರು ಮಾಡಿದರೆ ಅದು ಪಾಠವಾಯಿತು. ‘ದರ ಬಿತ್ತಂತೆ ಕಣೇ, ಇವರಿಗೆ ಯಾರು ಹೇಳೋದು?’ ಎಂಬ ಪಿಸುಮಾತಿನಿಂದ ಶುರುವಾದರೆ ಯಾರೂ ಬಿಟ್ಟು ಏಳುವುದಿಲ್ಲ.

ಬಿಟ್ಟು ಎದ್ದರೋ ಇಲ್ಲವೋ ಎಂಬುದು ಈಗ ಕಣ್ಣಿಗೇ ಕಾಣುತ್ತದೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರತಿ ವಿಡಿಯೊಗೂ ಒಂದು ಗೆರೆ ಬರುತ್ತದೆ: ಯಾವ ಸೆಕೆಂಡಿನಲ್ಲಿ ಎಷ್ಟು ಪಾಲು ಜನ ಉಳಿದಿದ್ದಾರೆ ಎಂಬ ಲೆಕ್ಕ. ಗೆರೆ ಧೊಪ್ಪನೆ ಬಿದ್ದ ಜಾಗಕ್ಕೆ ಹೋಗಿ ನೋಡಿದರೆ ಅಲ್ಲಿ ಸಾಮಾನ್ಯವಾಗಿ ಸಿಗುವುದು ಉದ್ದನೆಯ ಪೀಠಿಕೆ, ಅರ್ಥವಿಲ್ಲದ ಡ್ರೋನ್ ಶಾಟು, ಇಲ್ಲವೆ ಕೇಳಿಸದ ಮಾತು. ಕೊನೆಯದನ್ನು ನಮ್ಮವರು ತೀರಾ ಕಡೆಗಣಿಸುತ್ತಾರೆ. ಚಿತ್ರ ಸ್ವಲ್ಪ ಮಬ್ಬಾದರೂ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಸಹಿಸುವುದಿಲ್ಲ. ಹೊಳೆದಂಡೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲುವುದು, ಕಾಲರಿಗೆ ಸಿಕ್ಕಿಸುವ ಮೈಕು ಕೊಳ್ಳುವುದು ಹೊಸ ಕ್ಯಾಮೆರಾಕ್ಕಿಂತ ಮುಖ್ಯ.

ಬರೀ ದನಿಯಲ್ಲೇ ಊರೂರನ್ನು ಹಿಡಿದಿಟ್ಟ ಪಾಠ ನಮ್ಮ ಜಿಲ್ಲೆಯಲ್ಲೇ ಇದೆ. 1965ರಲ್ಲಿ ಶುರುವಾದ ಆಕಾಶವಾಣಿ ಭದ್ರಾವತಿ ಕೇಂದ್ರದ 675 ಕಿಲೋಹರ್ಟ್ಸ್ ತರಂಗದಲ್ಲಿ ರೈತರಿಗೆ ಬೇಕಾದ ಮಾಹಿತಿಯೂ ನಾಟಕವೂ ತೋಟದ ಮನೆಯ ಒಳಗೆ ಬಂದು ಕೂತವು. ಕೇಳುವವನು ಕೆಲಸ ಮಾಡುತ್ತಲೇ ಕೇಳುತ್ತಾನೆ ಎಂಬ ತಿಳಿವಳಿಕೆಯಿಂದ ಕಟ್ಟಿದ ಕಾರ್ಯಕ್ರಮಗಳು ಅವು. ಇವತ್ತಿನ ವಿಡಿಯೊ ಮಾಡುವವರು ಅಲ್ಲಿಂದ ಕಲಿಯುವುದು ಬಹಳ ಇದೆ.

ದುಡ್ಡಿನ ವಿಷಯ ಬಿಚ್ಚಿ ಹೇಳಬೇಕು, ಏಕೆಂದರೆ ಹುಡುಗರು ಸಾಲ ಮಾಡಿ ಫೋನು ಕೊಳ್ಳುತ್ತಿದ್ದಾರೆ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದನ್ನೇ ನಂಬಿದ್ದವರ ಅಭಿಮಾನಿ ಬಳಗ ರಾತ್ರೋರಾತ್ರಿ ಮಾಯವಾಯಿತು. ಆ ಸೆಪ್ಟೆಂಬರಿನಲ್ಲೇ ಯೂಟ್ಯೂಬ್ ತನ್ನ ಶಾರ್ಟ್ಸನ್ನು ಮೊದಲು ಭಾರತದಲ್ಲಿ ಬಿಟ್ಟಿತು. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬೇಕೆಂದರೆ 1,000 ಚಂದಾದಾರರು ಇರಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು. ಶಾರ್ಟ್ಸ್ ಆದರೆ 90 ದಿನದಲ್ಲಿ ಒಂದು ಕೋಟಿ ವೀಕ್ಷಣೆ. ಸಿನಿಮಾ ಹಾಡು ಹಾಕಿದ ವಿಡಿಯೊ ಓಡಿದರೂ ಬಂದ ಹಣ ಹಾಡಿನ ಹಕ್ಕುದಾರರ ಪಾಲಾಗಬಹುದು. ಹಾಗಾಗಿ ಬೆಳೆಯ ಕೆಲಸ, ಅಂಗಡಿ, ಓದು ಬಿಟ್ಟು ಇದಕ್ಕೇ ಬೀಳಬೇಡಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಹಾಗೆಯೇ ಬಸ್ ನಿಲ್ದಾಣದಲ್ಲಿ ಕೂತ ಅಜ್ಜಿಯನ್ನು ಬೆಚ್ಚಿಬೀಳಿಸಿ ಅದಕ್ಕೆ ‘ಪ್ರ್ಯಾಂಕ್’ ಎಂದು ಹೆಸರಿಡುವುದು ಮನರಂಜನೆಯಲ್ಲ. ಕೇಳದೆ ಯಾರ ಮುಖವನ್ನೂ ಲಕ್ಷ ಜನರ ಮುಂದೆ ಇಡಬಾರದು.

ನಟನೆ, ರಂಗಸಜ್ಜಿಕೆ ಕಲಿಸುವ ನೀನಾಸಂ ಇದೇ ಜಿಲ್ಲೆಯ ಹೆಗ್ಗೋಡಿನಲ್ಲಿದೆ. 1949ರಲ್ಲಿ ಒಂದು ಹಳ್ಳಿಯಲ್ಲಿ ಹುಟ್ಟಿ ದೇಶಕ್ಕೇ ಹೆಸರಾದ ಸಂಸ್ಥೆ ಅದು. ಫೋನಿನ ವಿಡಿಯೊಗೂ ಕಥೆ ಕಟ್ಟುವುದು, ದನಿ ಹಿಡಿಯುವುದು, ಬೇಡದ್ದನ್ನು ಕತ್ತರಿಸುವುದು ಕಲಿಸುವ ಜಾಗ ಬೇಕು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಭಾನುವಾರಕ್ಕೊಂದು ತರಗತಿ ಇಟ್ಟು, ರಂಗಶಿಕ್ಷಣ ಪಡೆದವರೊಬ್ಬರನ್ನೂ ಆಕಾಶವಾಣಿಯಲ್ಲಿ ದುಡಿದು ನಿವೃತ್ತರಾದವರೊಬ್ಬರನ್ನೂ ಕರೆಸಿದರೆ ಮುಂದಿನ ಅಡಿಕೆ ಸುಗ್ಗಿಯ ಹೊತ್ತಿಗೆ ಕೆಲಸ ಶುರು ಮಾಡಬಹುದು.