ಬುದ್ಧಿಮಾಂದ್ಯರ ಸಮ್ಮತಿ

1912ರ ಕಾಯಿದೆಯು ಬುದ್ಧಿಮಾಂದ್ಯರನ್ನೂ ಮನೋರೋಗಿಗಳನ್ನೂ ‘ಉನ್ಮತ್ತ’ರೆಂಬ ಒಂದೇ ಸಂಜ್ಞೆಯಲ್ಲಿ ಅಡಕಗೊಳಿಸಿತ್ತು. 1971ರ ಗರ್ಭಪಾತದ ಕಾಯಿದೆಯು ಅದೇ ಸಂಜ್ಞೆಯನ್ನು ಎರವಲು ಪಡೆದುದರಿಂದ, ಈ ಉಭಯರ ಪರವಾಗಿಯೂ ಪೋಷಕರೇ ಸಮ್ಮತಿ ನೀಡಬಹುದಾಗಿತ್ತು. 2002ರ ತಿದ್ದುಪಡಿಯು ಬುದ್ಧಿಮಾಂದ್ಯರನ್ನು ಪ್ರತ್ಯೇಕಿಸಿತು. ಇದು ಬರಿಯ ಶಬ್ದಭೇದವೆಂದು ತೋರಬಹುದು, ಹಾಗಲ್ಲ. ಚಂಡೀಗಢದ ಸರಕಾರಿ ಆಶ್ರಯಧಾಮದಲ್ಲಿದ್ದ, ಅಲ್ಪಪ್ರಮಾಣದ ಬುದ್ಧಿಮಾಂದ್ಯವುಳ್ಳ ಅನಾಥ ತರುಣಿಯೊಬ್ಬಳು ಅತ್ಯಾಚಾರದಿಂದ ಗರ್ಭಿಣಿಯಾದಳು. ಶಿಶುವನ್ನು ಹೆರುವ ಇಚ್ಛೆಯನ್ನು ಆಕೆ ತಿಳಿಸಿದ್ದರೂ ಉಚ್ಚ ನ್ಯಾಯಾಲಯವು ಗರ್ಭಪಾತಕ್ಕೆ ಆಜ್ಞೆಯಿತ್ತಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು: ಆಕೆ ವಯಸ್ಕಳು, ಮನೋರೋಗಿಯಲ್ಲ; ಆದುದರಿಂದ ಸಮ್ಮತಿ ಆಕೆಯದೇ. ತಿದ್ದುಪಡಿಯಾಗದಿದ್ದಲ್ಲಿ ಆಕೆಯ ಮಾತಿಗೆ ಕಾನೂನಿನ ಆಧಾರವೆಲ್ಲಿತ್ತು? 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇನ್ನೂ ಮುಂದುವರಿದು, ಪೋಷಕರು ಅಂಥವರೊಡನೆ ಕೂಡಿಯೇ ನಿರ್ಣಯ ಕೈಗೊಳ್ಳತಕ್ಕದ್ದೆಂದು ವಿಧಿಸಿದೆ. ಆದರೆ ‘ಪೂರ್ಣ ಬೆಂಬಲ’ವೆಂಬ ಅಪವಾದವನ್ನೂ ಉಳಿಸಿಕೊಂಡಿದೆ.