ಚಿಂಪಾಂಜಿಗಳು ಮನುಷ್ಯರೊಂದಿಗೆ ಸ್ನೇಹ ಬೆಳೆಸಬಲ್ಲವೇ?

ಬೆಳೆಸಬಲ್ಲವು; ಆದರೆ ಅದಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಾಳ್ಮೆ ಬೇಕು. ಚಿಂಪಾಂಜಿಗಳ ಸಂಶೋಧಕಿ ಜೇನ್ ಗುಡಾಲ್ 1960ರಲ್ಲಿ ಇಂದಿನ ಟಾಂಜಾನಿಯಾದ ಗೊಂಬೆ ಕಾಡಿಗೆ ಹೋದಾಗ ಚಿಂಪಾಂಜಿಗಳು ಅವರನ್ನು ಕಂಡ ಕೂಡಲೇ ಓಡಿಹೋಗುತ್ತಿದ್ದವು. ಮೊದಲು ಭಯ ಬಿಟ್ಟದ್ದು ನರೆಗಡ್ಡದ ಒಂದು ಗಂಡು. ಗುಡಾಲ್ ಅದಕ್ಕೆ ಡೇವಿಡ್ ಗ್ರೇಬಿಯರ್ಡ್ ಎಂದು ಹೆಸರಿಟ್ಟರು. ಒಮ್ಮೆ ಅವರು ಎಣ್ಣೆತಾಳೆಯ ಹಣ್ಣೊಂದನ್ನು ಅಂಗೈಯಲ್ಲಿಟ್ಟು ಚಾಚಿದರು. ಅದು ಹಣ್ಣನ್ನು ತೆಗೆದುಕೊಂಡು ಕೆಳಗೆ ಹಾಕಿ, ಅವರ ಬೆರಳುಗಳನ್ನು ಮೆಲ್ಲನೆ ಅದುಮಿತು. ಚಿಂಪಾಂಜಿಗಳು ಒಂದನ್ನೊಂದು ಸಮಾಧಾನಪಡಿಸುವ ರೀತಿಯೇ ಅದು. ಹಣ್ಣು ಬೇಡವಾಗಿದ್ದರೂ ಕೊಟ್ಟವರ ಮನಸ್ಸು ಅದಕ್ಕೆ ತಿಳಿದಿತ್ತು ಎಂದೇ ಗುಡಾಲ್ ಭಾವಿಸಿದರು.

ಚಿಂಪಾಂಜಿಗಳ ನಡುವಿನ ನಂಟು ಗಟ್ಟಿಯಾಗುವುದೂ ಇಂಥ ಸ್ಪರ್ಶದಿಂದಲೇ, ಒಂದರ ಮೈಕೂದಲನ್ನು ಇನ್ನೊಂದು ಹೊತ್ತುಗಟ್ಟಲೆ ಹೆಕ್ಕುವುದರಿಂದ. ಆಪ್ತರ ನಡುವೆ ಇದು ನಡೆದಾಗ ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಪ್ರಮಾಣ ಏರುತ್ತದೆ. ಮನುಷ್ಯರಲ್ಲಿ ತಾಯಿ-ಮಗುವಿನ ಬಾಂಧವ್ಯಕ್ಕೆ ನೆರವಾಗುವುದೂ ಇದೇ ಹಾರ್ಮೋನು.

ಹಾಗೆಂದು ಮನುಷ್ಯರೊಂದಿಗೆ ಅತಿಯಾದ ಸಲಿಗೆ ಒಳ್ಳೆಯದಲ್ಲ. ಗೊಂಬೆಯಲ್ಲಿ ಬಾಳೆಹಣ್ಣು ಕೊಟ್ಟು ಹತ್ತಿರ ಕರೆದದ್ದರಿಂದ ಚಿಂಪಾಂಜಿಗಳ ನಡುವೆ ಜಗಳ ಹೆಚ್ಚಿತು. ಮನುಷ್ಯರ ನೆಗಡಿ-ಕೆಮ್ಮಿನ ವೈರಸ್‌ಗಳು ಅವುಗಳ ಪ್ರಾಣವನ್ನೇ ತೆಗೆಯಬಲ್ಲವು. ಆದ್ದರಿಂದ ಕಾಡಿನಲ್ಲಿ ಅಧ್ಯಯನ ಮಾಡುವ ಇಂದಿನ ಸಂಶೋಧಕರು ಅವುಗಳನ್ನು ಮುಟ್ಟುವುದಿಲ್ಲ, ಅವುಗಳಿಗೆ ತಿನ್ನಲು ಕೊಡುವುದಿಲ್ಲ. ದೂರ ನಿಂತು, ಹಲವೆಡೆ ಮುಖಗವಸು ತೊಟ್ಟು ಗಮನಿಸುತ್ತಾರೆ.